ಒಂಟಿ ಡವ್ ಸಾಕೋಕೆ ಹೊರಟಿದ್ದೀರಾ? ಮೊದ್ಲು ಗಿಳಿ ಲೆಕ್ಕಾಚಾರ ಬಿಡಿ

ಡವ್ ಅಂದ್ರೆ ಬೆಳವ, ಪಾರಿವಾಳದ ಸಣ್ಣ ತಮ್ಮ ಅನ್ಕೊಳ್ಳಿ. ಮನೆ ಒಳಗೆ ಸಾಕೋದು ಜಾಸ್ತಿ ಎರಡು ಥರದ್ದು. ಒಂದು ರಿಂಗ್‌ನೆಕ್ ಡವ್, ಕುತ್ತಿಗೆ ಹಿಂದೆ ಕಪ್ಪು ಪಟ್ಟಿ ಇರತ್ತಲ್ಲ ಅದು, ಕೊಕ್ಕಿಂದ ಬಾಲದ ತುದಿವರೆಗೂ ಹತ್ತತ್ರ 30 ಸೆಂಟಿಮೀಟರ್ (ಪೂರ್ತಿ ಬಿಳಿ ಇರೋದ್ರಲ್ಲಿ ಪಟ್ಟಿ ಕಾಣ್ಸಲ್ಲ). ಇನ್ನೊಂದು ಡೈಮಂಡ್ ಡವ್, ಆಸ್ಟ್ರೇಲಿಯಾ ಮೂಲದ್ದು, 20 ಸೆಂಟಿಮೀಟರ್ ಸುತ್ತ ಇರತ್ತೆ, ಕಣ್ಣಿನ ಸುತ್ತ ಕೆಂಪು ರಿಂಗು, ರೆಕ್ಕೆ ಮೇಲೆ ಉಪ್ಪು ಉದುರಿಸಿದ ಹಾಗೆ ಬಿಳಿ ಚುಕ್ಕೆ. ಮೊದಲನೇ ಸಲ ಸಾಕೋರಿಗೆ ನಾನಂತೂ ರಿಂಗ್‌ನೆಕ್ಕೇ ಹೇಳೋದು, ಎಷ್ಟೋ ತಲೆಮಾರಿಂದ ಮನುಷ್ಯರ ಕೈಯಲ್ಲೇ ಬೆಳೆದಿರೋ ಜಾತಿ, ಬೇಗ ಹೊಂದ್ಕೊಳ್ಳತ್ತೆ. ಡೈಮಂಡ್ ನೋಡೋಕೆ ಚೆಂದ, ಆದ್ರೆ ಸೂಕ್ಷ್ಮ, ಚಳಿ ತಡ್ಕೊಳ್ಳಲ್ಲ, ಕೈ ಮೇಲೆ ಕೂರೋ ಆಸೆ ಇರೋರಿಗೆ ಸ್ವಲ್ಪ ನಿರಾಸೆನೇ.

ಕಾಡಲ್ಲೋ ರಸ್ತೇಲೋ ಇರೋ ಬೆಳವ ಹಿಡ್ಕೊಂಡ್ ಬಂದು ಸಾಕೋದು ಬೇಡ. ಅದು ಕೊನೆವರೆಗೂ ಕಂಬಿಗೆ ತಲೆ ಚಚ್ಕೊಳ್ತಾನೇ ಇರತ್ತೆ, ಎಷ್ಟೋ ಕಡೆ ಕಾನೂನು ಪ್ರಕಾರನೂ ತಪ್ಪು.

ತರೋಕ್ಕಿಂತ ಮುಂಚೆ ಒಂದು ಲೆಕ್ಕ ಹಾಕಿ. ರಿಂಗ್‌ನೆಕ್ ಚೆನ್ನಾಗಿ ನೋಡ್ಕೊಂಡ್ರೆ 12ರಿಂದ 15 ವರ್ಷ ಬದುಕತ್ತೆ, ಕೆಲವು 20 ಮುಟ್ಟತ್ತೆ. ಮತ್ತೆ ಡವ್ ಕಾಡಲ್ಲೂ ಜೋಡಿಯಾಗೇ ಇರೋ ಹಕ್ಕಿ, ಒಂಟಿಯಾಗಿ ತಂದ್ರೆ ಆ ಜೋಡಿ ಜಾಗಕ್ಕೆ ನೀವೇ ಬರ್ತೀರ, ಇದು ತಮಾಷೆಗೆ ಹೇಳ್ತಿರೋದಲ್ಲ, ನಿಜವಾಗ್ಲೂ ಅದು ನಿಮ್ಮನ್ನ ತನ್ನ ಗಂಡನೋ ಹೆಂಡ್ತಿನೋ ಅಂತ ತಿಳ್ಕೊಂಡು ಬಗ್ಗಿ ಬಗ್ಗಿ ಗುಟುರು ಹಾಕತ್ತೆ, ನಿಮ್ಮ ಕಾಲರ್ ಒಳಗೆ ಗೂಡು ಹುಡುಕತ್ತೆ. ದಿನಕ್ಕೆ ಒಂದೆರಡು ಗಂಟೆ ಅದ್ರ ಜೊತೆ ಒಂದೇ ರೂಮಲ್ಲಿ ಇರೋಕಾಗತ್ತೆ ಅಂದ್ರೆ ಒಂಟಿ ಡವ್ ಸಾಕಿ. ಬೆಳಗ್ಗೆ ಹೋದ್ರೆ ರಾತ್ರಿ ಬರೋ ಕೆಲಸ ಇದ್ರೆ ಒಂಟಿ ಬೇಡ.

ಕೇಜ್

ಇಲ್ಲೇ ಎಲ್ಲರೂ ಎಡವೋದು, ನಾನೂ ಎಡವಿದ್ದೆ. ಎತ್ತರಕ್ಕಿರೋ ಚೆಂದದ ಪಂಜರ ತಂದಿಟ್ಟೆ, ಮೇಲೆ ಗುಮ್ಮಟ ಬೇರೆ. ಡವ್ ಗಿಳಿ ಥರ ಕೊಕ್ಕಲ್ಲಿ ಕಚ್ಚಿ ಕಂಬಿ ಹತ್ತೋ ಜಾತಿ ಅಲ್ಲ, ಅದಕ್ಕೆ ಎತ್ತರ ದಂಡ. ಅದು ಅಡ್ಡಡ್ಡ ಹಾರೋ ಹಕ್ಕಿ, ಉದ್ದ ಬೇಕು. ಒಂದು ರಿಂಗ್‌ನೆಕ್‌ಗೆ ಕನಿಷ್ಠ 90 ಸೆಂಟಿಮೀಟರ್ ಉದ್ದ, 60 ಅಗಲ ಇರ್ಲಿ, ಅದೂ ದಿನಾ ಹೊರಗೆ ಬಿಡ್ತೀರ ಅಂದ್ರೆ ಮಾತ್ರ, ಇಲ್ಲಾಂದ್ರೆ ಇನ್ನೂ ದೊಡ್ಡದೇ ಬೇಕು. ಎರಡೂ ರೆಕ್ಕೆ ಪೂರ್ತಿ ಬಿಚ್ಚಿ ಬಡಿದ್ರೂ ಯಾವ ಕಡೆಗೂ ತಾಗಬಾರದು, ಇಷ್ಟು ನೆನಪಿಟ್ಕೊಂಡ್ರೆ ಸಾಕು. ಕಂಬಿ ಮಧ್ಯೆ ತಲೆ ತೂರಬಾರದು, ಒಂದೂವರೆ ಸೆಂಟಿಮೀಟರ್ ಒಳಗೇ ಇರ್ಲಿ, ಡೈಮಂಡ್‌ಗೆ ಇನ್ನೂ ಕಮ್ಮಿ. ತುಕ್ಕು ಹಿಡಿದಿರೋದು, ಬಣ್ಣ ಎದ್ದಿರೋದು ಬೇಡ, ಸೀಸ ಮತ್ತೆ ಸತು ಹೊಟ್ಟೆಗೆ ಹೋದ್ರೆ ಹಕ್ಕಿಗೆ ವಿಷ.

ಕೂರೋಕೆ ಅಂಗಡೀಲಿ ಸಿಗೋ ನುಣ್ಣನೆ ಒಂದೇ ಸೈಜಿನ ಕಡ್ಡಿಗಳಿಗಿಂತ ನಿಜವಾದ ಮರದ ಕೊಂಬೆ ವಾಸಿ, ದಪ್ಪ-ಸಣ್ಣ ಇರೋದ್ರಿಂದ ಪಾದದ ಒಂದೇ ಜಾಗಕ್ಕೆ ಭಾರ ಬೀಳಲ್ಲ. ಔಷಧಿ ಹೊಡೆದಿರದ ಮರದ್ದಾಗಿರ್ಲಿ, ತೊಳೆದು ಬಿಸಿಲಲ್ಲಿ ಒಣಗಿಸಿ ಹಾಕಿ. ಜೊತೆಗೆ ಒಂದು ಚಪ್ಪಟೆ ಹಲಗೆ ಕೊಟ್ಟು ನೋಡಿ, ಗುಂಡಗೆ ಮುದುರಿ ಕೂತ್ಕೊಂಡು ಕಣ್ಣು ಮುಚ್ಚೋಕೆ ಅದೇ ಇಷ್ಟ ಆಗತ್ತೆ. ಉಪ್ಪು ಕಾಗದ ಸುತ್ತಿರೋ ಕಡ್ಡಿ ಬರತ್ತಲ್ಲ, ಉಗುರು ಸವೆಯತ್ತೆ ಅಂತ ಮಾರ್ತಾರೆ, ಸವೆಯೋದು ಪಾದ. ನೀರು-ಕಾಳಿನ ಬಟ್ಟಲು ಕೊಂಬೆ ಕೆಳಗೆ ಇಡಬೇಡಿ, ಯಾಕೆ ಅಂತ ಮೊದಲನೇ ದಿನಾನೇ ಗೊತ್ತಾಗತ್ತೆ.

ತಳಕ್ಕೆ ಬರೀ ಕಾಗದ ಹಾಕಿ. ಮರದ ಹೊಟ್ಟು ಅದೂ ಇದೂ ಬೇಡ, ಕಾಗದ ಆದ್ರೆ ದಿನಾ ತೆಗೆದು ಬಿಸಾಕಬಹುದು, ಅದಕ್ಕಿಂತ ಮುಖ್ಯ ಹಿಕ್ಕೆ ಸರಿಯಾಗಿ ಕಾಣತ್ತೆ, ಅದು ಯಾಕೆ ಮುಖ್ಯ ಅಂತ ಆಮೇಲೆ ಹೇಳ್ತೀನಿ. ಕೇಜ್ ಇಡೋ ಜಾಗ ನೀವು ಓಡಾಡೋ ರೂಮೇ ಆಗಿರ್ಲಿ, ಒಂದು ಕಡೆ ಗೋಡೆ, ನಿಮ್ಮ ಎದೆ ಮಟ್ಟ. ಅಡುಗೆಮನೆ ಮಾತ್ರ ಖಂಡಿತ ಬೇಡ. ನಾನ್‌ಸ್ಟಿಕ್ ಪಾತ್ರೆ ಜಾಸ್ತಿ ಕಾದ್ರೆ ಬರೋ ಹೊಗೆ ನಮಗೆ ವಾಸನೆನೂ ಬರಲ್ಲ, ಹಕ್ಕಿ ಮಾತ್ರ ಕೆಲವೇ ನಿಮಿಷದಲ್ಲಿ ಸತ್ತೋಗತ್ತೆ, ಅವುಗಳ ಶ್ವಾಸಕೋಶ ಅಷ್ಟು ಚುರುಕು. ಸ್ಪ್ರೇ, ಸುಗಂಧದ ಮೇಣದಬತ್ತಿ, ಸೊಳ್ಳೆ ಬತ್ತಿ, ಸಿಗರೇಟು, ಇವೆಲ್ಲಾನೂ ಆ ರೂಮಿಂದ ಹೊರಗೆ.

ರಾತ್ರಿ ಗಲಾಟೆ

ಇದನ್ನ ಯಾರೂ ಮೊದಲೇ ಹೇಳಲ್ಲ. ಡವ್‌ಗೆ ಕತ್ತಲಲ್ಲಿ ಏನೂ ಕಾಣಲ್ಲ, ಏನೋ ಸದ್ದಾಯ್ತು ಅಂದ್ರೆ ಸೀದಾ ಮೇಲಕ್ಕೆ ಹಾರತ್ತೆ, ಮೇಲಿರೋದು ಕಂಬಿ. ನಮ್ಮದು ಬಂದ ಮೂರನೇ ರಾತ್ರಿ, ಯಾವುದೋ ಗಾಡಿಯ ಲೈಟು ಗೋಡೆ ಮೇಲೆ ಸರಿದು ಹೋಯ್ತು ಅಷ್ಟೇ, ಒಳಗೆ ಧಡ್ ಧಡ್ ಅಂತ ಸದ್ದು, ನಾನು ಎದ್ದು ಲೈಟ್ ಹಾಕಿ ನೋಡಿದ್ರೆ ಕೇಜ್ ಪೂರ್ತಿ ಗರಿ, ಹಣೆ ಮೇಲೆ ಬೆರಳ ಉಗುರಷ್ಟು ಚರ್ಮ ಎದ್ದು ರಕ್ತ, ಹಕ್ಕಿ ಮೂಲೇಲಿ ಬಾಯಿ ತೆಗೆದು ಏದುಸಿರು ಬಿಡ್ತಿದೆ. ಆವತ್ತಿಂದ ಒಂದು ಸಣ್ಣ ನೈಟ್ ಲ್ಯಾಂಪ್ ಇಟ್ಟೆ, ಮೂರು ಕಡೆ ಬಟ್ಟೆ ಮುಚ್ಚಿ ಒಂದು ಕಡೆ ತೆರೆದಿಟ್ಟೆ, ಮೇಲ್ಗಡೆ ಕಂಬಿ ಒಳಗೆ ದಪ್ಪ ಬಟ್ಟೆ ಎಳೆದು ಕಟ್ಟಿದೆ. ಆಮೇಲೆ ಒಂದೇ ಒಂದು ಸಲ ಆಗಿದೆ. ಗಾಬರಿಯಾದಾಗ ಲೈಟ್ ಹಾಕಿ, ಮೆಲ್ಲಗೆ ಮಾತಾಡಿ, ಕೈ ಹಾಕಿ ಹಿಡಿಯೋಕೆ ಹೋಗ್ಬೇಡಿ. ನಿದ್ದೆ 10-12 ಗಂಟೆ ಬೇಕು, ನಾವು ಟಿವಿ ನೋಡ್ಕೊಂಡು ಕೂತ್ರೆ ಅದೂ ಎದ್ದೇ ಇರತ್ತೆ ಪಾಪ.

ಗರಿ ಉದುರೋ ವಿಷ್ಯನೂ ಇಲ್ಲೇ ಹೇಳ್ಬಿಡ್ತೀನಿ. ಡವ್ ಗರಿ ತುಂಬಾ ಸಡಿಲ, ಹಿಂದಿಂದ ಗಬಕ್ ಅಂತ ಹಿಡಿದ್ರೆ ಬಾಲ ಪೂರ್ತಿ ನಿಮ್ಮ ಕೈಗೆ ಬಂದು ಹಕ್ಕಿ ಬೋಳು ಬಾಲದಲ್ಲಿ ಹಾರಿ ಹೋಗತ್ತೆ. ಬೇಟೆಗಾರ ಪ್ರಾಣಿ ಕೈಯಿಂದ ತಪ್ಪಿಸ್ಕೊಳ್ಳೋಕೆ ಅದಕ್ಕಿರೋ ಉಪಾಯ ಅದು. ಮತ್ತೆ ಬೆಳೆಯತ್ತೆ, ಹೆದರಬೇಡಿ, ಆದ್ರೆ ಹಿಡಿಯಲೇಬೇಕು ಅಂದಾಗ ಮೇಲಿಂದ ಅಂಗೈಯಲ್ಲಿ ಎರಡೂ ರೆಕ್ಕೆ ಮೈಗೆ ಒತ್ತೋ ಹಾಗೆ ಮುಚ್ಚಿ, ಎದೆ ಮಾತ್ರ ಬಿಗಿ ಹಿಡಿಬೇಡಿ, ಎದೆ ಆಡದೇ ಇದ್ರೆ ಹಕ್ಕಿಗೆ ಉಸಿರಾಡೋಕೆ ಆಗಲ್ಲ.

ಊಟ, ನೀರು

ಗಿಳಿ ಸಿಪ್ಪೆ ಸುಲಿದು ತಿನ್ನತ್ತೆ, ಡವ್ ಹಾಗೇ ಇಡೀ ಕಾಳು ನುಂಗತ್ತೆ. ಹಾಗಾಗಿ ಕಾಳು ಸಣ್ಣದಿರ್ಬೇಕು. ನವಣೆ, ಸಾಮೆ ಥರದ ಸಣ್ಣ ಧಾನ್ಯ, ಸ್ವಲ್ಪ ಗೋಧಿ, ಬಿಳಿಜೋಳ, ಕುಸುಬೆ, ಮುರಿದ ಮೆಕ್ಕೆಜೋಳ, ಒಡೆದ ಬಟಾಣಿ, ಇಂಥದ್ದು. ರೆಡಿಮೇಡ್ ಡವ್ ಮಿಕ್ಸ್ ಸಿಕ್ಕಿದ್ರೆ ಸುಲಭ, ಸಣ್ಣ ಸೈಜಿನ ಪೆಲೆಟ್ (ಎಲ್ಲಾ ಬೆರೆಸಿ ಗುಳಿಗೆ ಥರ ಮಾಡಿರೋ ಹಕ್ಕಿ ಆಹಾರ) ಅಭ್ಯಾಸ ಮಾಡ್ಸಿದ್ರೆ ಇನ್ನೂ ಒಳ್ಳೇದು, ಯಾಕಂದ್ರೆ ಬರೀ ಕಾಳಲ್ಲಿ ಕ್ಯಾಲ್ಸಿಯಂ, ವಿಟಮಿನ್ ಎ ಎರಡೂ ಕಮ್ಮಿ. ರಿಂಗ್‌ನೆಕ್‌ಗೆ ದಿನಕ್ಕೆ ಒಂದೂವರೆ ಎರಡು ಟೇಬಲ್ ಸ್ಪೂನ್ ಸಾಕು. ಬಟ್ಟಲು ತುಂಬಿಟ್ರೆ ಇಷ್ಟದ್ದು ಹೆಕ್ಕಿ ತಿಂದು ಮಿಕ್ಕಿದ್ದು ಕೊಕ್ಕಲ್ಲಿ ಆ ಕಡೆ ಈ ಕಡೆ ಎಸೆದು ನಿಮ್ಮ ಚಪ್ಪಲಿ ಒಳಗೂ ಕಾಳು ಬರತ್ತೆ. ಸೊಪ್ಪು ಸಣ್ಣದಾಗಿ ಹೆಚ್ಚಿ ಕೊಡಿ, ಕ್ಯಾರೆಟ್ ತುರಿದು ಕೊಡಿ, ಮೊದಮೊದಲು ಮೂಸಿನೂ ನೋಡಲ್ಲ, ಒಂದು ತಿಂಗಳು ದಿನಾ ಇಟ್ಟ ಮೇಲೆ ಒಂದು ದಿನ ಏನೋ ಉಪಕಾರ ಮಾಡೋ ಥರ ಒಂದು ಎಸಳು ತಿನ್ನತ್ತೆ.

ಸಿಪ್ಪೆ ಸಮೇತ ನುಂಗೋದ್ರಿಂದ ಹೊಟ್ಟೇಲಿ ಅರೆಯೋಕೆ ಸಣ್ಣ ಕಲ್ಲು ಬೇಕು, ಗ್ರಿಟ್ ಅಂತಾರೆ, ಬೇರೆ ಸಣ್ಣ ಬಟ್ಟಲಲ್ಲಿ ಒಂದು ಚಿಟಿಕೆ ಇಡಿ, ಬೇಕಾದಷ್ಟು ಅದೇ ತಗೊಳ್ಳತ್ತೆ. ಹುಷಾರಿಲ್ಲದ ಹಕ್ಕಿ ಒಮ್ಮೊಮ್ಮೆ ಗ್ರಿಟ್ ಜಾಸ್ತಿ ತಿನ್ನತ್ತೆ, ಆಗ ತೆಗೆದಿಡಿ. ಕ್ಯಾಲ್ಸಿಯಂಗೆ ಸಿಂಪಿ ಚಿಪ್ಪಿನ ಪುಡಿ. ಕಟಲ್‌ಬೋನ್ (ಕಟಲ್‌ಫಿಶ್ ಅನ್ನೋ ಸಮುದ್ರ ಜೀವಿಯ ಒಳಗಿನ ಬಿಳಿ ಚಿಪ್ಪು) ತೂಗು ಹಾಕಿದ್ರೆ ಗಿಳಿ ಥರ ಕೆರೆದು ತಿನ್ನಲ್ಲ ಇದು, ಚಾಕುವಲ್ಲಿ ಕೆರೆದು ಪುಡಿ ಮಾಡಿ ಕೊಡ್ಬೇಕು. ಆವಕಾಡೊ, ಚಾಕೊಲೇಟ್, ಕಾಫಿ-ಟೀ, ಉಪ್ಪು ಹಾಕಿದ್ದು, ಈರುಳ್ಳಿ ಯಾವುದೂ ಬೇಡ.

ನೀರಿನ ವಿಷ್ಯದಲ್ಲಿ ಒಂದು ಮಜಾ ಇದೆ. ಮಿಕ್ಕ ಹಕ್ಕಿಗಳಲ್ಲಿ ಹೆಚ್ಚಿನವು ಒಂದು ಗುಟುಕು ತಗೊಂಡು ತಲೆ ಮೇಲೆತ್ತಿ ನುಂಗ್ತವೆ, ಡವ್ ಕೊಕ್ಕು ಮುಳುಗಿಸಿ ಸ್ಟ್ರಾ ಹಾಕಿದ ಹಾಗೆ ಒಂದೇ ಸಮ ಎಳ್ಕೊಳ್ಳತ್ತೆ. ಅದಕ್ಕೇ ನೀರು ಎರಡು ಮೂರು ಸೆಂಟಿಮೀಟರ್ ಆಳ ಇರ್ಬೇಕು, ತುದೀಲಿ ಗೋಲಿ ಇರೋ ಬಾಟಲಿ ಕೊಡಬೇಡಿ. ದಿನಕ್ಕೆ ಎರಡು ಸಲ ಬದಲಾಯಿಸಿ, ಬಟ್ಟಲ ಒಳಗೆ ಬೆರಳಾಡಿಸಿದ್ರೆ ಲೋಳೆ ಹತ್ತಬಾರದು.

ಬಿಸಿಲು ಅಂತ ಕಿಟಕಿ ಗಾಜಿನ ಹಿಂದೆ ಕೇಜ್ ಇಟ್ಟು ಸುಮ್ಮನಾಗ್ತಾರೆ ಕೆಲವರು. ಗಾಜು ಯುವಿ-ಬಿ ಕಿರಣ ತಡೆಯತ್ತೆ, ವಿಟಮಿನ್ ಡಿ ಆಗೋದೇ ಅದ್ರಿಂದ, ಡಿ ಇಲ್ಲಾಂದ್ರೆ ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲ್ಲ. ವಾರಕ್ಕೆ ಮೂರ್ನಾಲ್ಕು ದಿನ ಬೆಳಗಿನ ಬಿಸಿಲಿಗೆ ಕೇಜ್ ಸಮೇತ ಹೊರಗಿಡಿ, ಅರ್ಧ ನೆರಳಿರ್ಲಿ, ನೀವು ಅಲ್ಲೇ ಕೂತಿರಿ, ಬೆಕ್ಕು ಹದ್ದು ಎಲ್ಲಿಂದ ಬರತ್ತೆ ಗೊತ್ತಾಗಲ್ಲ. ಹೊರಗೆ ಆಗ್ಲೇ ಇಲ್ಲ ಅಂದ್ರೆ ಹಕ್ಕಿಗಂತಲೇ ಬರೋ ಯುವಿ ಲ್ಯಾಂಪ್ ಇದೆ. ಬಿಸಿಲಿಗೆ ಬಿದ್ದ ತಕ್ಷಣ ಒಂದು ರೆಕ್ಕೆ ಚಾಚಿ ಪಕ್ಕಕ್ಕೆ ವಾಲ್ಕೊಂಡು ಮಲಗ್ಬಿಡತ್ತೆ, ಮೊದಲನೇ ಸಲ ನೋಡಿ ಸತ್ತೇ ಹೋಯ್ತು ಅಂತ ಓಡಿದ್ದೆ ನಾನು. ಸ್ನಾನಕ್ಕೆ ವಾರಕ್ಕೆರಡು ಸಲ ಅಗಲ ತಟ್ಟೇಲಿ ಮೂರು ನಾಲ್ಕು ಸೆಂಟಿಮೀಟರ್ ನೀರು ಇಟ್ರೆ ಸಾಕು. ಮುಗಿದ ಮೇಲೆ ನೀರಿನ ಮೇಲೆ ಬಿಳಿ ಪುಡಿ ತೇಲ್ತಿರತ್ತೆ. ಅದು ಗರಿಯ ಪುಡಿ, ಮನೇಲಿ ಎಲ್ಲಾ ಕಡೆ ಕೂರತ್ತೆ, ಆಸ್ತಮಾ ಇರೋರ ಮನೆಗೆ ಡವ್ ತರೋ ಮುಂಚೆ ಎರಡು ಸಲ ಯೋಚಿಸಿ. ಕೇಜ್ ಒಣ ಪೊರಕೆಯಲ್ಲಿ ಗುಡಿಸೋ ಬದಲು ಒದ್ದೆ ಬಟ್ಟೇಲಿ ಒರೆಸಿ, ಮಾಸ್ಕ್ ಹಾಕ್ಕೊಳ್ಳಿ, ವರ್ಷಗಟ್ಟಲೆ ಆ ಪುಡಿ ಕುಡಿದ್ರೆ ಶ್ವಾಸಕೋಶಕ್ಕೆ ನಿಜವಾದ ಕಾಯಿಲೆ ಬರತ್ತೆ.

ಕೈಗೆ ಬರಿಸೋದು

ಮೊದಲನೇ ವಾರ ಏನೂ ಮಾಡ್ಬೇಡಿ. ಕೇಜ್ ಪಕ್ಕ ಕೂತು ಪುಸ್ತಕ ಓದಿ, ಫೋನಲ್ಲಿ ಮಾತಾಡಿ, ಅದನ್ನ ದಿಟ್ಟಿಸಿ ನೋಡ್ಬೇಡಿ. ನೀವು ಪಕ್ಕ ಇದ್ದಾಗ್ಲೂ ತಿನ್ನೋಕೆ ಶುರು ಮಾಡ್ತು ಅಂದ್ರೆ ಅರ್ಧ ಕೆಲಸ ಆಯ್ತು. ಆಮೇಲೆ ಸಿಪ್ಪೆ ತೆಗೆದ ಸೂರ್ಯಕಾಂತಿ ಚೂರು ಅಂಗೈಯಲ್ಲಿಟ್ಟು ಕೇಜ್ ಒಳಗೆ ಕೈ ಆಡಿಸದೇ ಇಡಿ, ಐದು ನಿಮಿಷ, ಬರ್ಲಿಲ್ಲ ಅಂದ್ರೆ ನಾಳೆ. ಕೈ ಕೆಳಗಿಂದ ಬರ್ಲಿ, ಮೇಲಿಂದ ಬರೋ ಕೈ ಅಂದ್ರೆ ಅದಕ್ಕೆ ಹದ್ದು. ಬೆರಳನ್ನ ಹೊಟ್ಟೆ ಕೆಳಗೆ ಕಾಲಿಗೆ ತಾಗೋ ಹಾಗೆ ಮೆಲ್ಲಗೆ ಒತ್ತಿದ್ರೆ ಹತ್ಕೊಳ್ಳತ್ತೆ. ಕೆಲವಕ್ಕೆ ಹತ್ತು ದಿನ, ಕೆಲವಕ್ಕೆ ನಾಲ್ಕು ತಿಂಗಳು. ರೆಕ್ಕೇಲಿ ಪಟ್ ಅಂತ ಒಂದು ಏಟು ಕೊಡತ್ತೆ ಒಮ್ಮೊಮ್ಮೆ, ನೋವೇನೂ ಆಗಲ್ಲ, ಶಾಂತಿಯ ಹಕ್ಕಿ ಅಂತ ಹೆಸರಿಟ್ಟೋರು ಇದ್ರ ಕೈಲಿ ಹೊಡೆಸ್ಕೊಂಡಿಲ್ಲ ಅನ್ಸತ್ತೆ. ಮುದ್ದು ಮಾಡೋದಾದ್ರೆ ತಲೆ, ಕುತ್ತಿಗೆ ಮಾತ್ರ. ಬೆನ್ನು ಸವರಿದ್ರೆ ಅದು ಬೇರೆ ಅರ್ಥ ಮಾಡ್ಕೊಳ್ಳತ್ತೆ, ಆಮೇಲೆ ಮೊಟ್ಟೆ ಶುರು.

ಹೊರಗೆ ಬಿಡೋ ಮುಂಚೆ ಫ್ಯಾನ್ ಆಫ್, ಕಿಟಕಿ ಮುಚ್ಚಿ ಪರದೆ ಎಳೀರಿ (ಗಾಜು ಕಾಣದೆ ಡಿಕ್ಕಿ ಹೊಡೆಯತ್ತೆ), ಬಕೆಟ್ ನೀರಿಗೆ ಮುಚ್ಚಳ, ಸ್ಟವ್ ಇರೋ ಕಡೆ ಬಾಗಿಲು ಹಾಕಿ. ನೆಲದ ಮೇಲೆ ನಡೆಯೋ ಹಕ್ಕಿ ಇದು, ಕಾಲ ಕೆಳಗೆ ನೋಡ್ಕೊಂಡು ಹೆಜ್ಜೆ ಇಡಿ. ಮನೇಲಿ ಬೆಕ್ಕಿದ್ರೆ, ಬೆಕ್ಕು ಕಚ್ಚಿದ್ದೋ ಪರಚಿದ್ದೋ ಸಾಸಿವೆಯಷ್ಟು ಗಾಯ ಆದ್ರೂ ಅದೇ ದಿನ ಡಾಕ್ಟರ್ ಹತ್ರ ಹೋಗಿ, ಬೆಕ್ಕಿನ ಬಾಯಲ್ಲಿರೋ ಬ್ಯಾಕ್ಟೀರಿಯಾ ಒಂದೆರಡು ದಿನದಲ್ಲಿ ಹಕ್ಕೀನ ಮುಗಿಸತ್ತೆ.

ಮೊಟ್ಟೆ ಪ್ರಸಂಗ

ಡವ್ ಗಂಡೋ ಹೆಣ್ಣೋ ನೋಡಿ ಹೇಳೋದು ಕಷ್ಟ. ಎರಡೂ ಕೂಗ್ತವೆ, ಎರಡೂ ನಗೋ ಥರ ಸದ್ದು ಮಾಡ್ತವೆ, ಬಗ್ಗಿ ಬಗ್ಗಿ ಕೂಗೋದು ಗಂಡು ಜಾಸ್ತಿ ಮಾಡತ್ತೆ ಅಷ್ಟೇ. ಖಚಿತ ಬೇಕಂದ್ರೆ ಗರಿ ಕೊಟ್ಟು ಡಿಎನ್‌ಎ ಟೆಸ್ಟ್. ನಮ್ಮದು ಬಗ್ಗಿ ಕೂಗ್ತಿತ್ತು ಅಂತ ಗುಂಡ ಅಂತ ಹೆಸರಿಟ್ಟಿದ್ವಿ, ಎಂಟು ತಿಂಗಳಾದ ಮೇಲೆ ಪುಸ್ತಕದ ಕಪಾಟಲ್ಲಿ ಎರಡು ನಿಘಂಟಿನ ಮಧ್ಯೆ ಒಂದು ಬಿಳಿ ಮೊಟ್ಟೆ, ಆವತ್ತಿಂದ ಗುಂಡಮ್ಮ.

ಗಂಡಿಲ್ಲದೇನೇ ಹೆಣ್ಣು ಡವ್ ಮೊಟ್ಟೆ ಇಡತ್ತೆ, ಮರಿ ಆಗಲ್ಲ ಅಷ್ಟೇ. ಒಂದು ಸಲಕ್ಕೆ ಎರಡು, ಮಧ್ಯೆ ಒಂದೂವರೆ ದಿನದ ಅಂತರ. ಇಲ್ಲಿ ಎಲ್ಲರೂ ಮಾಡೋ ತಪ್ಪು ಅಂದ್ರೆ ಕಂಡ ತಕ್ಷಣ ಎತ್ತಿ ಬಿಸಾಕೋದು. ಬಿಸಾಕಿದ್ರೆ ಕೆಲವೇ ದಿನಕ್ಕೆ ಮತ್ತೆರಡು ಇಡತ್ತೆ, ಆಮೇಲೆ ಮತ್ತೆರಡು, ಚಿಪ್ಪಿಗೆ ಬೇಕಾದ ಕ್ಯಾಲ್ಸಿಯಂನ ತನ್ನ ಮೂಳೆಯಿಂದ್ಲೇ ಎಳೆದು ಕೊಡತ್ತೆ, ಕೊನೆಗೆ ಮೊಟ್ಟೆ ಒಳಗೇ ಸಿಕ್ಕಾಕ್ಕೊಳ್ಳತ್ತೆ. ಹಾಗಾಗಿ ಮೊಟ್ಟೆ ಅಲ್ಲೇ ಇರ್ಲಿ, ಅಥವಾ ಅದೇ ಸೈಜಿನ ಪ್ಲಾಸ್ಟಿಕ್ ಮೊಟ್ಟೆ ಇಡಿ, ಕಾವು ಕೂರ್ಲಿ. ಮರಿ ಬರೋ ಲೆಕ್ಕ ಸುಮಾರು 14 ದಿನ, ಎರಡೂವರೆ ಮೂರು ವಾರ ಕೂತು ಬೇಜಾರಾಗಿ ತಾನೇ ಎದ್ದು ಹೋಗತ್ತೆ, ಆಗ ತೆಗೀರಿ. ಕಾವು ಕೂತಾಗ ಹಿಕ್ಕೆ ಹಿಡ್ಕೊಂಡಿದ್ದು ದೊಡ್ಡ ಮುದ್ದೆಯಾಗಿ ನಾರೋ ಹಾಗೆ ಹಾಕತ್ತೆ, ಅದು ಕಾಯಿಲೆ ಅಲ್ಲ. ಪದೇ ಪದೇ ಮೊಟ್ಟೆ ಇಡ್ತಿದ್ರೆ ಕತ್ತಲ ಸಮಯ ಜಾಸ್ತಿ ಮಾಡಿ, ಗೂಡು ಥರ ಇರೋ ಮೂಲೆಗಳನ್ನ ಮುಚ್ಚಿ, ಬೆನ್ನು ಸವರೋದು ನಿಲ್ಲಿಸಿ.

ಉಬ್ಬಿಕೊಂಡು ತಳದಲ್ಲಿ ಕೂತು ಬಾಲ ಮೇಲೆ ಕೆಳಗೆ ಆಡಿಸ್ತಾ ಮುಕ್ಕರೀತಿದೆ, ಮೊಟ್ಟೆ ಬರ್ತಿಲ್ಲ, ಅಂದ್ರೆ ಕಾಯ್ಬೇಡಿ. ಬೆಚ್ಚಗೆ ಒಂದು ಡಬ್ಬದಲ್ಲಿ ಹಾಕ್ಕೊಂಡು ಡಾಕ್ಟರ್ ಹತ್ರ ಓಡಿ. ಎಣ್ಣೆ ಹಚ್ಚಿ, ಒತ್ತಿ ನೋಡಿ ಅಂತ ಯಾರಾದ್ರೂ ಹೇಳ್ತಾರೆ, ಮೊಟ್ಟೆ ಒಳಗೆ ಒಡೆದ್ರೆ ಹಕ್ಕಿ ಜೀವಕ್ಕೇ ಅಪಾಯ.

ಹುಷಾರಿದ್ಯಾ ಅಂತ ಹೆಂಗೆ ಗೊತ್ತಾಗತ್ತೆ

ಹಕ್ಕಿ ಕಾಯಿಲೆ ಮುಚ್ಚಿಡತ್ತೆ. ಹೊರಗೆ ಕಾಣೋ ಹೊತ್ತಿಗೆ ತುಂಬಾ ದಿನ ಆಗಿರತ್ತೆ. ಅದಕ್ಕೇ ಗ್ರಾಂ ತೋರಿಸೋ ತಕ್ಕಡಿ ಒಂದು ತಗೊಳ್ಳಿ, ವಾರಕ್ಕೊಂದು ಸಲ ಬೆಳಗ್ಗೆ ಕಾಳು ಹಾಕೋ ಮುಂಚೆ ತೂಗಿ ಬರೆದಿಡಿ. ನಿಮ್ಮ ಹಕ್ಕಿ 160 ಗ್ರಾಂ ಇದ್ದಿದ್ದು 145ಕ್ಕೆ ಬಂತು ಅಂದ್ರೆ, ಎಷ್ಟೇ ಚುರುಕಾಗಿ ಓಡಾಡ್ತಿದ್ರೂ ಏನೋ ಆಗಿದೆ. ಎದೆ ಮಧ್ಯದ ಮೂಳೆ ಬೆರಳಿಗೆ ಚಾಕು ಥರ ಚೂಪಾಗಿ ಸಿಕ್ರೂ ಅದೇ ಅರ್ಥ.

ಈಗ ಆ ಕಾಗದದ ವಿಷ್ಯ. ಸರಿಯಾದ ಹಿಕ್ಕೆ ಅಂದ್ರೆ ಕಂದೋ ಹಸಿರುಗಂದೋ ಬಣ್ಣದ ಸಣ್ಣ ಸುರುಳಿ, ಮೇಲೆ ಬಿಳಿ ಟೋಪಿ. ಸ್ನಾನ ಆದ ಮೇಲೆ, ಗಾಬರಿಯಾದಾಗ ನೀರಾಗಿ ಬರೋದು ಸಹಜ. ದಿನಪೂರ್ತಿ ನೀರು, ಕಡು ಹಸಿರು, ರಕ್ತ, ಬಿಳಿ ಭಾಗ ಹಳದಿ ತಿರುಗಿರೋದು, ಕಾಳು ಹಾಗೇ ಹೊರಗೆ ಬರೋದು, ಇದ್ಯಾವುದೂ ಸರಿ ಇಲ್ಲ. ಬಾಯೊಳಗೆ ಹಳದಿ ಗಿಣ್ಣಿನ ಥರ ಏನಾದ್ರೂ ಅಂಟಿದ್ರೆ ಅದು ಕ್ಯಾಂಕರ್, ಡವ್-ಪಾರಿವಾಳಕ್ಕೆ ಬರೋ ಪರಾವಲಂಬಿ ಜೀವಿಯಿಂದ ಆಗೋದು, ಔಷಧಿ ಇದೆ, ಬೇಗ ಹೋಗ್ಬೇಕು. ಉಸಿರಿನ ಜೊತೆ ಬಾಲ ಕುಣಿಯೋದು, ಬಾಯಿ ತೆಗೆದು ಉಸಿರಾಡೋದು, ಕುತ್ತಿಗೆ ತಿರುಚೋದು, ಹಗಲೆಲ್ಲ ಉಬ್ಬಿಕೊಂಡು ಕಣ್ಣು ಮುಚ್ಚಿರೋದು, ಇವುಕ್ಕೆ ನಾಳೆ ನೋಡೋಣ ಅನ್ನೋ ಹಾಗಿಲ್ಲ. ಹಕ್ಕಿ ತರೋ ಮೊದಲೇ ಹಕ್ಕಿ ನೋಡೋ ಡಾಕ್ಟರ್ ಯಾರು ಅಂತ ಹುಡುಕಿಟ್ಕೊಳ್ಳಿ. ನಾನು ಮೊದಲು ಹೋದ ಕಡೆ ನಾಯಿ ಬಿಟ್ರೆ ಏನೂ ನೋಡಿದ ಹಾಗೆ ಕಾಣ್ಲಿಲ್ಲ, ದೂರದಿಂದ್ಲೇ ಚೆನ್ನಾಗಿದೆ ಕಣ್ರೀ ಅಂತ ಹೇಳಿ ಕಳಿಸಿದ್ರು.

ಜೊತೆಗೆ ಇನ್ನೊಂದು ತರ್ಲಾ ಅಂತ ಆಮೇಲೆ ಅನ್ಸತ್ತೆ, ಎಲ್ಲರಿಗೂ ಅನ್ಸತ್ತೆ. ತಂದ್ರೂ ಒಂದು ತಿಂಗಳಾದ್ರೂ ಬೇರೆ ರೂಮಲ್ಲಿಟ್ಟು ನೋಡಿ, ಆಮೇಲೆ ಅಕ್ಕಪಕ್ಕ ಬೇರೆ ಕೇಜ್, ಒಂದೇ ಕೇಜಿಗೆ ಸೀದಾ ಹಾಕಿದ್ರೆ ತಲೆ ಕುಟ್ಟಿ ರಕ್ತ ಬರಿಸ್ತವೆ, ಎರಡು ಗಂಡಾದ್ರಂತೂ ಮುಗೀತು. ಸಾಕಾಯ್ತು ಅಂತ ಹೊರಗೆ ಹಾರಿಬಿಡೋದು ಮಾತ್ರ ಕೊಂದ ಹಾಗೇನೇ, ರೇಸ್ ಪಾರಿವಾಳದ ಥರ ದಾರಿ ಹುಡ್ಕೊಂಡು ಮನೆಗೆ ವಾಪಸ್ ಬರೋ ಬುದ್ಧಿ ಇದಕ್ಕಿಲ್ಲ, ಊಟ ಹುಡುಕೋಕೂ ಬರಲ್ಲ.

ಊರಿಗೆ ಹೋಗೋದಿದ್ರೆ ಹಕ್ಕೀನ ನೋಡ್ಕೊಳ್ಳೋರಿಗೆ ಎರಡು ದಿನ ಮುಂಚೆನೇ ಮನೆಗೆ ಕರೆದು ಪರಿಚಯ ಮಾಡ್ಸಿ, ಕೇಜ್ ಜಾಗ ಬದಲಾಯಿಸಬೇಡಿ, ಕಾಳಿನ ಅಳತೆ, ನೈಟ್ ಲ್ಯಾಂಪ್ ಸ್ವಿಚ್, ಡಾಕ್ಟರ್ ನಂಬರ್ ಎಲ್ಲಾ ಒಂದು ಚೀಟೀಲಿ ಬರೆದು ಕೇಜ್ ಪಕ್ಕ ಅಂಟಿಸಿ. ಬಟ್ಟಲಲ್ಲಿ ಸಿಪ್ಪೆ ಉಳಿದಿರಲ್ಲ, ಹಾಗಾಗಿ ಖಾಲಿ ಅಂದ್ರೆ ಖಾಲಿನೇ ಅಂತ ಒತ್ತಿ ಹೇಳಿ, ಗಿಳಿ ಸಾಕಿದೋರಿಗೆ ಇದು ಹೊಳೆಯಲ್ಲ. ನಾನು ಐದು ದಿನ ಬಿಟ್ಟು ಬಂದಾಗ ಗುಂಡಮ್ಮ ಒಂದು ಸಂಜೆ ಪೂರ್ತಿ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ಲು, ಸೂರ್ಯಕಾಂತಿ ಚೂರು ತೋರಿಸಿದ್ರೂ ತಿರುಗಲಿಲ್ಲ, ಮಾರನೇ ದಿನ ಬೆಳಗ್ಗೆ ನಾನು ಕಾಗದ ಬದಲಾಯಿಸ್ತಾ ಇದ್ದಾಗ ಮಣಿಕಟ್ಟಿನ ಮೇಲೆ ಬಂದು ಕೂತು, ರೆಕ್ಕೇಲಿ ಒಂದು ಬಾರಿಸಿ, ಆಮೇಲೆ ಕೂಗೋಕೆ ಶುರು ಮಾಡಿದ್ಲು.